ಸಮುದ್ರದ ನಡುವಿನ ಎಣ್ಣೆ ಬಾವಿ: ಕೆಲಸಕ್ಕೆ ಹೊರಡುವ ಮುಂಚೆ ತಿಳಿದಿರಬೇಕಾದ್ದು

ಬಂಗಾರಪೇಟೆ, ಮುಳಬಾಗಿಲು, ಚಿಂತಾಮಣಿ, ಶಿರಾ ಕಡೆಯ ಐಟಿಐಗಳಲ್ಲಿ ವೆಲ್ಡರ್, ಫಿಟ್ಟರ್, ಎಲೆಕ್ಟ್ರಿಷಿಯನ್ ಕಲಿತು ಹೊರಬರುವ ಹುಡುಗರ ಮೊಬೈಲಿಗೆ ಒಂದು ಬಗೆಯ ಜಾಹೀರಾತು ಮೇಲಿಂದ ಮೇಲೆ ಬರುತ್ತಿದೆ: ಆಫ್‌ಶೋರ್ ಕೆಲಸ, ಊಟ ವಸತಿ ಉಚಿತ, ಮುಂಬೈ ಅಥವಾ ಗಲ್ಫ್. ಸಂಬಳದ ಅಂಕಿ ನೋಡಿ ಹುಡುಗ ಮನಸ್ಸು ಮಾಡಿಬಿಡುತ್ತಾನೆ. ಮನೆಯಲ್ಲಿ ಅಪ್ಪ ಅಮ್ಮ ಕೇಳುವುದು ಒಂದೇ ಮಾತು: "ಸಮುದ್ರದ ಮಧ್ಯದಲ್ಲಂತೆ, ಏನಾದರೂ ಆದರೆ?" ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿ ಕೂಡ ಇಲ್ಲ. ಕೆರೆ ತುಂಬಿದ ವರ್ಷ ಈಜು ಕಲಿತವರಷ್ಟೇ ಈಜು ಬಲ್ಲವರು. ಹಾಗಿರುವಾಗ ಆ ಹೆದರಿಕೆ ಸಹಜ.

ಅವರಿಗೆ "ಏನೂ ಆಗಲ್ಲ" ಎಂದು ಹೇಳುವುದು ಸರಿಯಲ್ಲ, "ಹೋಗಲೇ ಬೇಡ" ಎನ್ನುವುದೂ ಸರಿಯಲ್ಲ. ಹೆದರಿಕೆ ಇರುವುದು ನೀರಿನದ್ದು. ಆದರೆ ಇಂಥ ಕಡೆ ಆಗಿರುವ ದೊಡ್ಡ ದುರಂತಗಳನ್ನು ಒಂದೊಂದಾಗಿ ನೋಡಿದರೆ ಮೂಲದಲ್ಲಿ ಹೆಚ್ಚಾಗಿ ಸಿಗುವುದು ಎರಡು ಸಂಗತಿ: ನೆಲದಡಿಯ ಅನಿಲ, ಮತ್ತು ಒಬ್ಬರಿಂದ ಇನ್ನೊಬ್ಬರಿಗೆ ದಾಟದೆ ಉಳಿದ ಮಾತು. ಇವೆರಡನ್ನು ಅರ್ಥ ಮಾಡಿಕೊಂಡರೆ ಅಲ್ಲಿನ ಮುಕ್ಕಾಲು ಪಾಲು ಸುರಕ್ಷತಾ ನಿಯಮಗಳು ಯಾಕಿವೆ ಎಂಬುದು ತಾನಾಗಿ ತಿಳಿಯುತ್ತದೆ.

ರಿಗ್ ಯಾವುದು, ಪ್ಲಾಟ್‌ಫಾರಂ ಯಾವುದು, ಬಾರ್ಜ್ ಯಾವುದು

ನಮ್ಮಲ್ಲಿ ಎಲ್ಲವನ್ನೂ ರಿಗ್ ಎಂದೇ ಕರೆಯುವುದು ರೂಢಿ. ಕೆಲಸಕ್ಕೆ ಹೋಗುವವನಿಗೆ ಮಾತ್ರ ಈ ಮೂರರ ವ್ಯತ್ಯಾಸ ಗೊತ್ತಿರಬೇಕು, ಏಕೆಂದರೆ ಒಂದೊಂದರ ಅಪಾಯ ಒಂದೊಂದು ಬಗೆ.

ರಿಗ್ ಇರುವುದು ಬಾವಿ ಕೊರೆಯಲು. ಮುಂಬೈನಿಂದ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್ ದೂರದ ಮುಂಬೈ ಹೈ ಕ್ಷೇತ್ರದಲ್ಲಿ ನೀರಿನ ಆಳ ಸುಮಾರು 80 ಮೀಟರ್. ಅಷ್ಟು ಆಳಕ್ಕೆ ಜಾಕಪ್ ರಿಗ್ ಸಾಕು. ಅದು ತನ್ನ ಉದ್ದನೆಯ ಉಕ್ಕಿನ ಕಾಲುಗಳನ್ನು ಸಮುದ್ರದ ತಳಕ್ಕೆ ಊರಿ, ತನ್ನ ಮೈಯನ್ನು ಅಲೆಗಳಿಗಿಂತ ಮೇಲಕ್ಕೆ ಎತ್ತಿಕೊಂಡು ನಿಲ್ಲುತ್ತದೆ. ಕಾಲೂರಲು ಆಗದಷ್ಟು ಆಳವಿರುವ ಕಡೆ ತೇಲುತ್ತಲೇ ಕೊರೆಯುವ ರಿಗ್‌ಗಳೂ ಹಡಗುಗಳೂ ಇವೆ. ಮುಂಬೈ ಹೈಯಲ್ಲಿ 1974ರಲ್ಲಿ ಎಣ್ಣೆ ಸಿಕ್ಕಿದ್ದು ಸಾಗರ ಸಾಮ್ರಾಟ್ ಎಂಬ ರಿಗ್ ಕೊರೆದಾಗ. 1976ರಿಂದ ಅಲ್ಲಿ ಉತ್ಪಾದನೆ ನಡೆದಿದೆ. ಕ್ಷೇತ್ರ ಕೇಂದ್ರ ಸರ್ಕಾರದ ತೈಲ ಕಂಪನಿ ಒಎನ್‌ಜಿಸಿಯದು.

ಬಾವಿಗಳಿಂದ ಬರುವ ಎಣ್ಣೆ, ಅನಿಲ, ನೀರನ್ನು ಬೇರ್ಪಡಿಸಿ ದಡದ ಕಡೆಗೆ ಕಳಿಸುವ ಕಾಯಂ ಉಕ್ಕಿನ ಕಟ್ಟಡವೇ ಪ್ಲಾಟ್‌ಫಾರಂ. ಸಮುದ್ರದ ತಳದಿಂದ ಎಣ್ಣೆ ಅಥವಾ ಅನಿಲ ಹೊತ್ತು ನೆಟ್ಟಗೆ ಮೇಲೇರುವ ಪೈಪಿಗೆ ರೈಸರ್ ಎನ್ನುತ್ತಾರೆ. ಈ ಹೆಸರು ಮುಂದೆ ಮತ್ತೆ ಬರುತ್ತದೆ.

ಬಾರ್ಜ್ ಚಪ್ಪಟೆ ತಳದ ದೊಡ್ಡ ನೌಕೆ. ಪ್ಲಾಟ್‌ಫಾರಂ ದುರಸ್ತಿ, ಪೈಪ್‌ಲೈನ್ ಹಾಕುವುದು ಮುಂತಾದ ಕೆಲಸಕ್ಕೆ ಬಂದ ನೂರಾರು ಜನ ಅದರ ಮೇಲೆ ಉಳಿದುಕೊಳ್ಳುತ್ತಾರೆ. ಎಷ್ಟೋ ಬಾರ್ಜ್‌ಗಳಿಗೆ ಸ್ವಂತ ಎಂಜಿನ್ ಇರುವುದಿಲ್ಲ. ಟಗ್ ಬೋಟು ಎಳೆದು ತಂದು, ಲಂಗರು ಹಾಕಿ ನಿಲ್ಲಿಸಬೇಕು. ವೆಲ್ಡರ್, ಫಿಟ್ಟರ್, ರಿಗ್ಗರ್ (ಭಾರ ಕಟ್ಟಿ ಎತ್ತಿಸುವವನು), ಸ್ಕ್ಯಾಫೋಲ್ಡರ್ (ಅಟ್ಟಣೆ ಕಟ್ಟುವವನು), ಪೇಂಟರ್ ಗುತ್ತಿಗೆ ಕೆಲಸಗಳು ಹೆಚ್ಚಾಗಿ ಸಿಗುವುದು ಇಲ್ಲೇ. ಹಾಗಾಗಿ ಆಫರ್ ಬಂದಾಗ ಮೊದಲ ಪ್ರಶ್ನೆ ಸಂಬಳದ್ದಲ್ಲ, ಕೆಲಸ ಯಾವುದರ ಮೇಲೆ ಎಂಬುದು.

ಪಾಳಿ 12 ಗಂಟೆಯದು. ಒಎನ್‌ಜಿಸಿಯ ಸಿಬ್ಬಂದಿಗೆ ಸಾಮಾನ್ಯವಾಗಿ 14 ದಿನ ಸಮುದ್ರದಲ್ಲಿ, 14 ದಿನ ಮನೆಯಲ್ಲಿ. ಗುತ್ತಿಗೆಯವರು ಅದಕ್ಕಿಂತ ಹೆಚ್ಚು ಕಾಲ ಒಂದೇ ಸಮನೆ ಅಲ್ಲಿರುವುದುಂಟು.

ನಮ್ಮ ಬೋರ್‌ವೆಲ್ ಮತ್ತು ಅವರ ಬಾವಿ

ಬೋರ್ ಕೊರೆಸುವುದನ್ನು ನೋಡದವರು ನಮ್ಮ ಕಡೆ ಇಲ್ಲ. ರಿಗ್ ಲಾರಿ ತೋಟಕ್ಕೆ ಬರುತ್ತದೆ, ಕಂಪ್ರೆಸರ್ ಸದ್ದಿಗೆ ಕಿವಿ ಗಡಚಿಕ್ಕುತ್ತದೆ, ಮೊದಲು ಕೆಮ್ಮಣ್ಣು, ಆಮೇಲೆ ಬಂಡೆಯ ಬಿಳಿ ಪುಡಿ ಹಾರುತ್ತದೆ. ಕೇಸಿಂಗ್ ಪೈಪು ಇಳಿಸಿ, ರಾಡ್ ಮೇಲೆ ರಾಡ್ ಜೋಡಿಸುತ್ತ ಸಾವಿರ, ಸಾವಿರದ ಐನೂರು ಅಡಿ ಹೋದರೂ ಸುತ್ತ ನಿಂತವರದು ಒಂದೇ ಪ್ರಾರ್ಥನೆ, ನೀರು ಬೀಳಲಿ ಅಂತ. ಬಿದ್ದರೂ ಅದು ತಾನಾಗಿ ಮೇಲೆ ಬರುವುದಿಲ್ಲ. ಮೇಲಕ್ಕೆ ಚಿಮ್ಮಿಸುವುದು ಕಂಪ್ರೆಸರಿನ ಗಾಳಿ. ಗಾಳಿ ನಿಲ್ಲಿಸಿದರೆ ನೀರು ಅಲ್ಲೇ ಉಳಿಯುತ್ತದೆ, ಆಮೇಲೆ ಮೋಟರ್ ಇಳಿಸಬೇಕು. ನಮ್ಮ ಬಾವಿಯ ತಾಪತ್ರಯ ಕೆಳಗಿನದನ್ನು ಮೇಲೆ ತರುವುದು. ಎಣ್ಣೆ ಬಾವಿ ಕೊರೆಯುವವರ ತಾಪತ್ರಯ ಪೂರಾ ಉಲ್ಟಾ: ಕೆಳಗಿರುವುದು ತಾನಾಗಿ ಮೇಲೆ ನುಗ್ಗದಂತೆ ಹಿಡಿದಿಡುವುದು.

ಎರಡು ಮೂರು ಕಿಲೋಮೀಟರ್ ಆಳದ ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಎಣ್ಣೆ, ಅನಿಲ ಭಾರೀ ಒತ್ತಡದಲ್ಲಿ ಸಿಕ್ಕಿಕೊಂಡಿರುತ್ತವೆ. ನೀರು ತುಂಬಿದ ಕೊಳವೆಯಲ್ಲಿ ಪ್ರತಿ 10 ಮೀಟರ್ ಕೆಳಗಿಳಿದಂತೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು ಒತ್ತಡ ಸೇರುತ್ತ ಹೋಗುತ್ತದೆ. 3,000 ಮೀಟರಿನಲ್ಲಿ ಅದು ಸುಮಾರು 300 ಪಟ್ಟು. ಅಲ್ಲಿನ ಅನಿಲದ ಒತ್ತಡ ಅಷ್ಟೇ ಇರಬಹುದು, ಅದಕ್ಕಿಂತ ಹೆಚ್ಚೂ ಇರಬಹುದು. ಹಾಗಾಗಿ ಕೊರೆಯುವಷ್ಟು ಹೊತ್ತೂ ಬಾವಿಯ ತುಂಬ ತೂಕದ ದ್ರವ ಇರಲೇಬೇಕು. ಕೆಲಸದವರು ಅದನ್ನು ಮಡ್ ಅನ್ನುತ್ತಾರೆ. ನೀರಿಗೋ ಎಣ್ಣೆಗೋ ಜೇಡಿ ಮತ್ತು ಬರೈಟ್ ಎಂಬ ಖನಿಜದ ಪುಡಿ ಬೆರೆಸಿ ಮಾಡುವ ದ್ರವ ಇದು. ಬರೈಟ್ ನೀರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಭಾರ. ಜಗತ್ತಿನ ದೊಡ್ಡ ಬರೈಟ್ ನಿಕ್ಷೇಪಗಳಲ್ಲಿ ಒಂದು ನಮಗೆ ಬಹಳ ದೂರವೇನೂ ಅಲ್ಲ, ಆಂಧ್ರದ ಕಡಪ ಸೀಮೆಯ ಮಂಗಂಪೇಟೆಯಲ್ಲಿದೆ.

ಮಡ್‌ನ ಭಾರ ಕೆಳಗಿನ ಒತ್ತಡಕ್ಕಿಂತ ತುಸು ಹೆಚ್ಚಿದ್ದರೆ ಬಾವಿ ಸುಮ್ಮನಿರುತ್ತದೆ. ತೀರಾ ಹೆಚ್ಚಾದರೆ ಕಲ್ಲು ಬಿರಿದು ಮಡ್ ಅದರೊಳಗೆ ಇಂಗಿ ಹೋಗುತ್ತದೆ. ಕಡಿಮೆಯಾದರೆ ಅನಿಲ ಬಾವಿಯೊಳಗೆ ನುಸುಳುತ್ತದೆ. ಈ ನುಸುಳುವಿಕೆಗೆ ಕಿಕ್ ಎಂದು ಹೆಸರು. ನುಸುಳಿದ ಅನಿಲ ಮೇಲೇರುತ್ತ ಹಿಗ್ಗುತ್ತದೆ, ಹಿಗ್ಗಿದಷ್ಟೂ ಮಡ್ಡನ್ನು ಹೊರಗೆ ತಳ್ಳುತ್ತದೆ, ಮಡ್ ಹೋದಷ್ಟೂ ಭಾರ ಇಳಿದು ಇನ್ನಷ್ಟು ಅನಿಲ ಒಳಗೆ ಬರುತ್ತದೆ. ತಡೆಯದೆ ಬಿಟ್ಟರೆ ಬಾವಿಯೇ ಬಾಯಿ ಬಿಟ್ಟು ಅನಿಲ, ಎಣ್ಣೆ ಉಗಿಯತೊಡಗುತ್ತದೆ. ಅದೇ ಬ್ಲೋಔಟ್.

ಕಿಕ್ ಮೊದಲು ಗೊತ್ತಾಗುವುದು ಸಣ್ಣ ಲೆಕ್ಕದಲ್ಲಿ. ಒಳಗೆ ಕಳಿಸಿದ್ದಕ್ಕಿಂತ ವಾಪಸು ಬಂದ ಮಡ್ ಹೆಚ್ಚಾಗುತ್ತದೆ, ತೊಟ್ಟಿಯ ಮಟ್ಟ ಏರುತ್ತದೆ. ಪಂಪ್ ನಿಲ್ಲಿಸಿದ ಮೇಲೂ ಬಾವಿಯಿಂದ ಮಡ್ ಹರಿಯುತ್ತಿದ್ದರೆ ಅನುಮಾನವೇ ಬೇಡ. ಆಗ ಡ್ರಿಲ್ಲರ್ ಬಾವಿಯ ಬಾಯಿಯಲ್ಲಿ ಕೂರಿಸಿರುವ ಬ್ಲೋಔಟ್ ಪ್ರಿವೆಂಟರ್ ಎಂಬ ಭಾರೀ ಕವಾಟವನ್ನು ಮುಚ್ಚುತ್ತಾನೆ. ಬಿಒಪಿ ಎಂದೇ ಅದರ ಬಳಕೆಯ ಹೆಸರು. ಅದರಲ್ಲಿ ಪೈಪಿನ ಸುತ್ತ ಬಿಗಿಯುವ ರಬ್ಬರ್ ಉಂಗುರ, ಎರಡು ಕಡೆಯಿಂದ ಬಂದು ಮುಚ್ಚುವ ಉಕ್ಕಿನ ದಿಮ್ಮಿಗಳು, ಕೊನೆಗೆ ಪೈಪನ್ನೇ ಕತ್ತರಿಸಿ ಬಾವಿ ಮುಚ್ಚುವ ಅಲಗುಗಳು ಒಂದರ ಮೇಲೊಂದು ಇರುತ್ತವೆ.

ಇಷ್ಟೆಲ್ಲ ಇದ್ದೂ 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟಿಸಿತು. ಬಾವಿಯ ತಳಕ್ಕೆ ಹಾಕಿದ ಸಿಮೆಂಟು ಅನಿಲವನ್ನು ತಡೆದಿರಲಿಲ್ಲ. ತಡೆದಿದೆಯೇ ಎಂದು ನೋಡಲು ಮಾಡಿದ ಒತ್ತಡದ ಪರೀಕ್ಷೆಯಲ್ಲಿ ಏರಬಾರದ ಒತ್ತಡ ಏರಿತ್ತು. ಅದಕ್ಕೆ ಬೇರೆ ಕಾರಣ ಕೊಟ್ಟುಕೊಂಡು ಪರೀಕ್ಷೆ ಪಾಸಾಯಿತೆಂದು ಮುಂದುವರಿದರು. ಭಾರದ ಮಡ್ ತೆಗೆದು ಹಗುರ ಸಮುದ್ರದ ನೀರು ತುಂಬಿಸುತ್ತಿದ್ದಾಗ ಅನಿಲ ಮೇಲೆ ಬಂತು. ಬಿಒಪಿಯೂ ಬಾವಿಯನ್ನು ಮುಚ್ಚಲಿಲ್ಲ. ರಿಗ್ ಮೇಲಿದ್ದ 126 ಜನರಲ್ಲಿ 11 ಮಂದಿ ಸತ್ತರು. ಎಣ್ಣೆ 87 ದಿನ ಸಮುದ್ರಕ್ಕೆ ಹರಿಯಿತು. ಯಂತ್ರ ಸೂಚನೆ ಕೊಟ್ಟಿತ್ತು, ಓದಿದವರು ಅದನ್ನು ತಮಗೆ ಬೇಕಾದಂತೆ ಓದಿದರು.

ಕಣ್ಣಿಗೆ ಕಾಣದ ಎರಡು ಅನಿಲ

ಒಂದು ಮೀಥೇನ್, ನೆಲದಡಿಯಿಂದ ಬರುವ ಅನಿಲದ ಮುಖ್ಯ ಭಾಗ. ಗಾಳಿಯಲ್ಲಿ ಅದರ ಪಾಲು ಸುಮಾರು 5ರಿಂದ 15 ಶೇಕಡಾ ಇದ್ದಾಗ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಅದಕ್ಕಿಂತ ಕಡಿಮೆಯಾದರೂ ಹೆಚ್ಚಾದರೂ ಹೊತ್ತುವುದಿಲ್ಲ. ಹೆಚ್ಚಿದ್ದದ್ದು ಗಾಳಿ ಬೆರೆತು ತೆಳುವಾಗುತ್ತ ಹೋಗುವಾಗ ಮತ್ತೆ ಆ ಅಳತೆಗೆ ಬರುತ್ತದೆ, ಅಲ್ಲಿದೆ ಗಂಡಾಂತರ. ಈ ಕಾರಣಕ್ಕೇ ಬೆಂಕಿಪೊಟ್ಟಣ, ಲೈಟರ್, ಸಾಮಾನ್ಯ ಮೊಬೈಲು ಕೆಲಸದ ಜಾಗದಲ್ಲಿ ನಿಷೇಧ. ದೀಪ, ಮೋಟರ್, ಟಾರ್ಚ್ ಕೂಡ ಕಿಡಿ ಹೊರಬಾರದ ಬಗೆಯವೇ ಇರುತ್ತವೆ. ವೆಲ್ಡಿಂಗ್ ಮಾಡುವ ಮುಂಚೆ ಅನಿಲದ ಮೀಟರ್ ಹಿಡಿದು ಪರೀಕ್ಷಿಸಬೇಕು, ಪಕ್ಕದಲ್ಲಿ ಬೆಂಕಿ ಕಾಯಲೆಂದೇ ಒಬ್ಬ ನಿಂತಿರಬೇಕು. ಊರಿನ ವರ್ಕ್‌ಶಾಪಿನಲ್ಲಿ ಹೋಲ್ಡರ್ ಹಿಡಿದ ತಕ್ಷಣ ಕೆಲಸ ಶುರು ಮಾಡಿ ರೂಢಿಯಿರುವ ವೆಲ್ಡರ್‌ಗೆ ಈ ಕಾಯುವಿಕೆ ಬೇಸರ ತರಿಸುತ್ತದೆ. ಬೇಸರವಾದರೂ ಕಾಯಲೇಬೇಕು.

ಇನ್ನೊಂದು ಹೈಡ್ರೋಜನ್ ಸಲ್ಫೈಡ್. ಮ್ಯಾನ್‌ಹೋಲಿಗೆ ಇಳಿದವರ ಸಾವಿನ ಸುದ್ದಿಗಳಲ್ಲಿ ಬರುವ ವಿಷಾನಿಲ ಹೆಚ್ಚಾಗಿ ಇದೇ. ಕೆಲವು ಬಾವಿಗಳಲ್ಲಿ ಎಣ್ಣೆಯ ಜೊತೆಗೇ ಬರುತ್ತದೆ. ಸ್ವಲ್ಪವೇ ಇದ್ದಾಗ ಕೊಳೆತ ಮೊಟ್ಟೆಯ ನಾತ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇದರ 10 ಭಾಗ ಸೇರಿದರೆ ಸಾಮಾನ್ಯವಾಗಿ ಅಲಾರಾಂ ಕೂಗುತ್ತದೆ. 100 ಭಾಗವಾದರೆ ಕೆಲ ನಿಮಿಷಗಳಲ್ಲೇ ಮೂಗು ವಾಸನೆ ಹಿಡಿಯುವುದನ್ನು ನಿಲ್ಲಿಸುತ್ತದೆ. ನಾತ ಹೋಯಿತು, ಅನಿಲವೂ ಹೋಯಿತು ಎಂದು ತಿಳಿದವನು ಅಲ್ಲೇ ಉಳಿಯುತ್ತಾನೆ. 500 ದಾಟಿದರೆ ನಿಮಿಷಗಳಲ್ಲಿ ಕುಸಿದು ಬೀಳುತ್ತಾನೆ. 1,000ದ ಆಸುಪಾಸಿನಲ್ಲಿ ಒಂದೆರಡು ಉಸಿರೇ ಸಾಕು.

ಇದು ಗಾಳಿಗಿಂತ ಭಾರ, ತಗ್ಗಿನಲ್ಲಿ ತಂಗುತ್ತದೆ. ಅಲಾರಾಂ ಕೇಳಿದ ಕೂಡಲೇ, ಗಾಳಿಯ ದಿಕ್ಕು ತೋರಿಸಲು ಕಟ್ಟಿರುವ ಗಾಳಿಚೀಲ ಯಾವ ಕಡೆ ಹಾರುತ್ತಿದೆ ನೋಡಿ, ಗಾಳಿ ಬರುವ ದಿಕ್ಕಿಗೆ ಅಥವಾ ಗಾಳಿಗೆ ಅಡ್ಡಲಾಗಿ, ಎತ್ತರದ ಜಾಗಕ್ಕೆ ಹೋಗಬೇಕು. ಗೆಳೆಯ ಬಿದ್ದಿದ್ದರೂ ಉಸಿರಾಟದ ಸಲಕರಣೆ ಹಾಕಿಕೊಳ್ಳದೆ ಹತ್ತಿರ ಹೋಗಬಾರದು. ಎತ್ತಲು ಹೋದವನೂ ಬಿದ್ದು ಒಂದರ ಹಿಂದೆ ಒಂದು ಹೆಣ ಬೀಳುವುದು ಈ ಅನಿಲದ ಕಥೆಗಳಲ್ಲಿ ಮತ್ತೆ ಮತ್ತೆ ಬರುವ ದುಃಖ. ಇಂಥ ಕ್ಷೇತ್ರಗಳಲ್ಲಿ ಗಡ್ಡ ಬಿಡಲು ಒಪ್ಪದಿರುವುದಕ್ಕೂ ಕಾರಣವಿದೆ: ಗಡ್ಡದ ಮೇಲೆ ಮುಖವಾಡ ಬಿಗಿಯಾಗಿ ಕೂರುವುದಿಲ್ಲ, ಸಂದಿಯಿಂದ ವಿಷ ಒಳಗೆ ಬರುತ್ತದೆ.

ಒಂದು ಕಾಗದ ಕೈಗೆ ಸಿಗದಿದ್ದ ರಾತ್ರಿ

ಸಮುದ್ರದ ಎಣ್ಣೆ ಕೆಲಸದಲ್ಲಿ ಇಂದು ಇರುವ ಬಹುಪಾಲು ನಿಯಮಗಳ ಹಿಂದೆ 1988ರ ಜುಲೈ 6ರ ರಾತ್ರಿಯಿದೆ. ಉತ್ತರ ಸಮುದ್ರದಲ್ಲಿ, ಸ್ಕಾಟ್ಲೆಂಡ್ ತೀರದಾಚೆ ಪೈಪರ್ ಆಲ್ಫಾ ಎಂಬ ಪ್ಲಾಟ್‌ಫಾರಂ. ಅಲ್ಲಿ ಎರಡು ಪಂಪ್‌ಗಳಿದ್ದವು, ಒಂದು ಓಡಿದರೆ ಇನ್ನೊಂದು ಬದಲಿಗೆ. ಹಗಲು ಪಾಳಿಯವರು ಒಂದು ಪಂಪಿಗೆ ಸೇರಿದ ಸುರಕ್ಷತಾ ಕವಾಟವನ್ನು ದುರಸ್ತಿಗೆ ಬಿಚ್ಚಿದರು. ಸಂಜೆಯೊಳಗೆ ಕೆಲಸ ಮುಗಿಯಲಿಲ್ಲ. ಬಿಚ್ಚಿದ ಬಾಯಿಗೆ ಒಂದು ಲೋಹದ ಮುಚ್ಚಳ ಹಾಕಿ ಹೋದರು. ಕವಾಟ ಇಲ್ಲ, ಈ ಪಂಪ್ ಚಾಲೂ ಮಾಡಬೇಡಿ ಎಂಬ ಮಾತು ರಾತ್ರಿ ಪಾಳಿಯವರಿಗೆ ತಲುಪಲಿಲ್ಲ.

ರಾತ್ರಿ ಹತ್ತಕ್ಕೆ ಮುಂಚೆ ಓಡುತ್ತಿದ್ದ ಪಂಪ್ ನಿಂತಿತು. ಬದಲಿ ಪಂಪಿನ ಕಾಗದ ಹುಡುಕಿದರು. ಅದೇ ಪಂಪಿನ ಬೇರೊಂದು ದುರಸ್ತಿಯ ಪರ್ಮಿಟ್, ಅಂದರೆ ಕೆಲಸದ ಅನುಮತಿ ಪತ್ರ, ಸಿಕ್ಕಿತು, ಆ ದುರಸ್ತಿ ಶುರುವಾಗಿರಲಿಲ್ಲ. ಕವಾಟದ ಪರ್ಮಿಟ್ ಕಣ್ಣಿಗೆ ಬೀಳಲಿಲ್ಲ. ಪಂಪ್ ಚಾಲೂ ಮಾಡಿದರು. ಮುಚ್ಚಳದ ಸಂದಿಯಿಂದ ಅನಿಲ ಸೋರಿತು, ಸ್ಫೋಟವಾಯಿತು.

ಆಮೇಲಿನದು ಒಂದರ ಮೇಲೊಂದು. ಗೋಡೆಗಳು ಬೆಂಕಿ ತಡೆಯುವಂಥವು, ಸ್ಫೋಟ ತಡೆಯುವಂಥವಲ್ಲ. ಬೆಂಕಿ ಆರಿಸುವ ನೀರಿನ ಪಂಪ್‌ಗಳು ತಾವಾಗಿ ಚಾಲೂ ಆಗದಂತೆ ಇಡಲಾಗಿತ್ತು, ಕೆಳಗೆ ಮುಳುಗುಗಾರರು ಕೆಲಸ ಮಾಡುವಾಗ ಅವರನ್ನು ಪಂಪ್ ಎಳೆದುಕೊಳ್ಳಬಾರದೆಂದು. ಪಕ್ಕದ ಪ್ಲಾಟ್‌ಫಾರಂಗಳು ಅದೇ ಜಾಲಕ್ಕೆ ಎಣ್ಣೆ, ಅನಿಲ ಕಳಿಸುವುದನ್ನು ತಕ್ಷಣ ನಿಲ್ಲಿಸಲಿಲ್ಲ. ಸುಮಾರು ಇಪ್ಪತ್ತು ನಿಮಿಷದಲ್ಲಿ ಅನಿಲದ ರೈಸರ್ ಒಂದು ಸಿಡಿಯಿತು. ಮಲಗುವ ಕೋಣೆಗಳಿದ್ದ ಕಟ್ಟಡದಲ್ಲಿ ಜನ ಹೆಲಿಕಾಪ್ಟರಿಗಾಗಿ ಕಾದರು. ಹೊಗೆಯಲ್ಲಿ ಅದು ಇಳಿಯುವ ಹಾಗಿರಲಿಲ್ಲ. ಹೊಗೆ ಕುಡಿದೇ ಬಹಳ ಜನ ಸತ್ತರು. ಪ್ಲಾಟ್‌ಫಾರಂ ಮೇಲಿದ್ದ 226 ಮಂದಿಯಲ್ಲಿ 61 ಜನ ಬದುಕಿದರು, ಹಗ್ಗ ಹಿಡಿದು ಇಳಿದವರು, ಸಮುದ್ರಕ್ಕೆ ಹಾರಿದವರು ಹಲವರು. ಕಾಪಾಡಲು ಬಂದ ಇಬ್ಬರೂ ಸೇರಿ ಸತ್ತವರು 167.

ನ್ಯಾಯಮೂರ್ತಿ ಕಲೆನ್ ಅವರ ವಿಚಾರಣಾ ವರದಿ 1990ರಲ್ಲಿ 106 ಶಿಫಾರಸು ಮಾಡಿತು. ಅದರ ಸಾರದಲ್ಲಿ ಒಂದು: ತನ್ನಲ್ಲಿ ಏನೇನು ಅಪಾಯವಿದೆ, ಅದಕ್ಕೆ ಏನು ಏರ್ಪಾಡು ಮಾಡಿದೆ ಎಂದು ಕಂಪನಿಯೇ ಬರೆದು ತೋರಿಸಿ ಒಪ್ಪಿಗೆ ಪಡೆಯಬೇಕು.

ಕೆಲಸಗಾರನ ಮಟ್ಟಿಗೆ ಇದರಿಂದ ಗಟ್ಟಿಯಾದದ್ದು ಪರ್ಮಿಟ್ ಪದ್ಧತಿ. ಬೆಂಕಿಯ ಕೆಲಸ, ಟ್ಯಾಂಕಿನೊಳಗಿನ ಕೆಲಸ, ಎತ್ತರದ ಕೆಲಸ, ವಿದ್ಯುತ್ ಕೆಲಸ, ಪ್ರತಿಯೊಂದಕ್ಕೂ ಸಹಿಯಾದ ಕಾಗದ ಬೇಕು. ಯಾವ ಕವಾಟ ಮುಚ್ಚಿದೆ, ಯಾವ ಸ್ವಿಚ್ ಆಫ್ ಆಗಿದೆ, ಅನಿಲ ಎಷ್ಟಿದೆ, ಎಷ್ಟು ಗಂಟೆಯವರೆಗೆ ಅನುಮತಿ ಎಂಬುದೆಲ್ಲ ಅದರಲ್ಲಿರುತ್ತದೆ. ಮುಚ್ಚಿದ ಕವಾಟಕ್ಕೂ ಸ್ವಿಚ್ಚಿಗೂ ಬೀಗ ಹಾಕಿ ಹೆಸರಿನ ಚೀಟಿ ಕಟ್ಟುತ್ತಾರೆ. ಕೆಲಸ ಮುಗಿಸಿ ನೀವೇ ತೆಗೆಯುವವರೆಗೆ ನಿಮ್ಮ ಬೀಗವನ್ನು ಇನ್ನೊಬ್ಬ ತೆಗೆಯುವಂತಿಲ್ಲ. ಪಾಳಿ ಬದಲಾಗುವಾಗ ಬಿಡುವವನೂ ಬರುವವನೂ ಎದುರೆದುರು ನಿಂತು, ಸಾಧ್ಯವಾದರೆ ಕೆಲಸದ ಜಾಗಕ್ಕೇ ಹೋಗಿ ಮಾತಾಡಿಕೊಳ್ಳಬೇಕು. ಹನ್ನೆರಡು ಗಂಟೆ ದುಡಿದು ಹಾಸಿಗೆ ಕಡೆ ಕಾಲೆಳೆಯುತ್ತಿರುವಾಗಲೇ ಈ ಮಾತು ಬೇಕಾಗುವುದು.

ನಮ್ಮದೇ ಸಮುದ್ರದಲ್ಲಿ, 2005

2005ರ ಜುಲೈ 27, ಮುಂಗಾರಿನ ಜೋರು. ಸಮುದ್ರ ಸುರಕ್ಷಾ ಎಂಬ ಸಹಾಯಕ ನೌಕೆಯಲ್ಲಿ ಅಡುಗೆಯವರೊಬ್ಬರ ಬೆರಳ ತುದಿ ಕತ್ತರಿಸಿತು. ಹವಾಮಾನ ಕೆಟ್ಟದ್ದರಿಂದ ಹೆಲಿಕಾಪ್ಟರ್ ಬರುವಂತಿರಲಿಲ್ಲ. ಚಿಕಿತ್ಸೆಗೆ ಮುಂಬೈ ಹೈ ಉತ್ತರ ಪ್ಲಾಟ್‌ಫಾರಂಗೆ ಅವರನ್ನು ಕ್ರೇನಿನಲ್ಲಿ ಎತ್ತಿಸಲು ನೌಕೆ ಹತ್ತಿರ ಹೋಯಿತು. ಎತ್ತಿದ್ದೂ ಆಯಿತು. ಆದರೆ ಅಲೆಯ ಹೊಡೆತಕ್ಕೆ ನೌಕೆ ಪ್ಲಾಟ್‌ಫಾರಂಗೆ ತಾಗಿ, ಅನಿಲ ತುಂಬಿದ ರೈಸರಿಗೆ ಹೊಡೆಯಿತು. ಸೋರಿದ ಅನಿಲ ಹೊತ್ತಿಕೊಂಡಿತು. ಸುಮಾರು ಎರಡು ಗಂಟೆಯಲ್ಲಿ ಪ್ಲಾಟ್‌ಫಾರಂ ನಾಶವಾಯಿತು. ಅಲ್ಲಿದ್ದ 384 ಜನರಲ್ಲಿ 362 ಮಂದಿಯನ್ನು ಕಾಪಾಡಲಾಯಿತು, 22 ಜೀವ ಹೋಯಿತು.

ಗಾಯಗೊಂಡವನಿಗೆ ಬೇಗ ಚಿಕಿತ್ಸೆ ಸಿಗಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಇದು ಆರಂಭವಾದದ್ದು. ರೈಸರ್ ಇರುವ ಬದಿಗೆ ನೌಕೆ ತರಬೇಕಾಗಿ ಬಂದದ್ದು, ಆ ರೈಸರಿಗೆ ಸಾಕಷ್ಟು ರಕ್ಷಾ ಕವಚ ಇಲ್ಲದ್ದು, ಕೆಟ್ಟ ಹವೆಯಲ್ಲಿ ಹತ್ತಿರ ಹೋದದ್ದು ಒಂದಕ್ಕೊಂದು ಸೇರಿತು. ಪ್ಲಾಟ್‌ಫಾರಂ ಸುತ್ತ 500 ಮೀಟರ್ ವಲಯಕ್ಕೆ ಅನುಮತಿಯಿಲ್ಲದೆ ಯಾವ ನೌಕೆಯೂ ಬರಬಾರದೆಂಬ ನಿಯಮದ ಅರ್ಥ ಈ ಘಟನೆ ಗೊತ್ತಿದ್ದವರಿಗೆ ಬೇಗ ತಿಳಿಯುತ್ತದೆ. 2008ರಲ್ಲಿ ಸಮುದ್ರದ ಎಣ್ಣೆ ಕೆಲಸಗಳ ಸುರಕ್ಷತೆಗೆಂದೇ ಕೇಂದ್ರ ಸರ್ಕಾರ ನಿಯಮಾವಳಿ ತಂದಿತು. ಅದರ ಮೇಲ್ವಿಚಾರಣೆ ತೈಲ ಉದ್ಯಮ ಸುರಕ್ಷತಾ ನಿರ್ದೇಶನಾಲಯದ್ದು.

ಚಂಡಮಾರುತ ಮತ್ತು ಎಂಜಿನ್ ಇಲ್ಲದ ಬಾರ್ಜ್

ಬಾರ್ಜ್‌ನ ಅಪಾಯ ಯಾಕೆ ಬೇರೆ ಎಂಬುದನ್ನು 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ತೋರಿಸಿತು. ಪಿ-305 ಎಂಬ ಬಾರ್ಜ್‌ನಲ್ಲಿ 261 ಜನರಿದ್ದರು, ಬಹುಪಾಲು ನಿರ್ವಹಣಾ ಕೆಲಸದ ಗುತ್ತಿಗೆ ಕಾರ್ಮಿಕರು. ಚಂಡಮಾರುತದ ಮುನ್ಸೂಚನೆ ದಿನಗಳ ಮೊದಲೇ ಇತ್ತು. ಬಾರ್ಜ್ ಸಮುದ್ರದಲ್ಲೇ ಉಳಿಯಿತು. ಲಂಗರು ಕಿತ್ತು, ಅಲೆಗೆ ಸಿಕ್ಕಿ ತೇಲಿ, ಪ್ಲಾಟ್‌ಫಾರಂ ಒಂದಕ್ಕೆ ಬಡಿದು, ನೀರು ನುಗ್ಗಿ ಮೇ 17ರಂದು ಮುಳುಗಿತು. ನೌಕಾಪಡೆ ರಾತ್ರಿಯಿಡೀ ಹುಡುಕಿ ಬಹಳ ಜನರನ್ನು ಎತ್ತಿತು, ಆದರೂ 70ಕ್ಕೂ ಹೆಚ್ಚು ಮಂದಿ ತೀರಿಕೊಂಡರು.

ಸ್ವಂತ ಎಂಜಿನ್ ಇಲ್ಲದ ಬಾರ್ಜ್‌ಗೆ ಸುರಕ್ಷತೆಯೆಂದರೆ ಬೇಗ ಹೊರಡುವುದು. ಗಾಳಿ ಏರಿದ ಮೇಲೆ ಟಗ್ ಎಳೆಯಲಾರದು, ಹೆಲಿಕಾಪ್ಟರ್ ಹಾರಲಾರದು. ಅದನ್ನು ನಿರ್ಧರಿಸುವುದು ಕೆಲಸಗಾರನಲ್ಲ. ಆದರೆ ಗುತ್ತಿಗೆದಾರರನ್ನು ಮೊದಲೇ ಕೇಳಬಹುದು: ಮುಂಗಾರಿನ ಹೊತ್ತಿಗೆ ಬಾರ್ಜ್ ಯಾವಾಗ ದಡಕ್ಕೆ ಬರುತ್ತದೆ? ಚಂಡಮಾರುತ ಬಂದರೆ ಎಲ್ಲಿಗೆ ಒಯ್ಯುತ್ತಾರೆ?

ದಿನನಿತ್ಯದ ಪೆಟ್ಟುಗಳು

ದೊಡ್ಡ ಸ್ಫೋಟಗಳು ಅಪರೂಪ. ಸುದ್ದಿಯಾಗದೆ ಕೈ, ಬೆರಳು, ಬೆನ್ನು ಕಳೆದುಕೊಳ್ಳುವುದು ಬೇರೆ ಕಾರಣಕ್ಕೆ. ಪೈಪುಗಳ ನಡುವೆ ಬೆರಳು ಸಿಕ್ಕುವುದು, ಕ್ರೇನಿನ ಭಾರ ತೂಗಾಡಿ ಬಡಿಯುವುದು, ಎಣ್ಣೆಯ ಜಿಡ್ಡಿನ ಮೆಟ್ಟಿಲಲ್ಲಿ ಜಾರುವುದು, ಎತ್ತರದಿಂದ ಒಂದು ಸ್ಪ್ಯಾನರ್ ಬೀಳುವುದು. ಹತ್ತಾರು ಮೀಟರ್ ಮೇಲಿಂದ ಬಿದ್ದ ಬೋಲ್ಟನ್ನು ಹೆಲ್ಮೆಟ್ ತಡೆದೇ ತೀರುತ್ತದೆ ಎನ್ನಲಾಗದು. ಹಾಗಾಗಿ ಮೇಲೆ ಒಯ್ಯುವ ಪ್ರತಿ ಹತ್ಯಾರಿಗೂ ದಾರ ಕಟ್ಟಬೇಕು, ಎತ್ತುತ್ತಿರುವ ಭಾರದ ಕೆಳಗೆ ಯಾರೂ ನಿಲ್ಲಬಾರದು, ತೂಗುವ ಭಾರವನ್ನು ಕೈಯಿಂದಲ್ಲ, ಕಟ್ಟಿದ ಹಗ್ಗದಿಂದ ನಿಯಂತ್ರಿಸಬೇಕು. ಇವುಗಳ ಜೊತೆಗೆ ಆಯಾಸ. ಹನ್ನೆರಡು ಗಂಟೆ ಪಾಳಿಯ ಕೊನೆಯಲ್ಲಿ, ರಾತ್ರಿ ಪಾಳಿಯ ಮೊದಲ ದಿನಗಳಲ್ಲಿ ಕಣ್ಣು ನೋಡಿದ್ದನ್ನು ತಲೆ ತಡವಾಗಿ ಹಿಡಿಯುತ್ತದೆ. ಪಾಳಿ ಮುಗಿದ ಮೇಲೆ ಮೊಬೈಲ್ ಬಿಟ್ಟು ಮಲಗುವುದೂ ಸುರಕ್ಷತೆಯ ಭಾಗವೇ.

ಹೋಗುವ ದಾರಿ: ಹೆಲಿಕಾಪ್ಟರ್

ದಡದಿಂದ ರಿಗ್‌ಗೆ ಸಾಮಾನ್ಯವಾಗಿ ಹೆಲಿಕಾಪ್ಟರಿನಲ್ಲಿ ಹೋಗುತ್ತಾರೆ, ಬಾರ್ಜ್ ಜನ ಹಲವು ಸಲ ದೋಣಿಯಲ್ಲಿ. 2018ರ ಜನವರಿಯಲ್ಲಿ ಮುಂಬೈನಿಂದ ಹೊರಟ ಹೆಲಿಕಾಪ್ಟರ್ ಸಮುದ್ರಕ್ಕೆ ಬಿದ್ದು ಅದರಲ್ಲಿದ್ದ 7 ಮಂದಿಯೂ ಸತ್ತರು. 2022ರ ಜೂನ್ 28ರಂದು ಸಾಗರ ಕಿರಣ್ ರಿಗ್ ಬಳಿ ಇನ್ನೊಂದು ಹೆಲಿಕಾಪ್ಟರ್ ನೀರಿಗಿಳಿಯಿತು. 9 ಜನರಲ್ಲಿ 5 ಮಂದಿ ಬದುಕಿದರು.

ನೀರಿಗೆ ಬಿದ್ದ ಹೆಲಿಕಾಪ್ಟರ್ ಮಗುಚಿಕೊಳ್ಳುವ ಸಂಭವವೇ ಹೆಚ್ಚು, ಎಂಜಿನ್ನಿನ ತೂಕ ಮೇಲ್ಭಾಗದಲ್ಲಿರುತ್ತದೆ. ಆದ್ದರಿಂದ ಸಮುದ್ರಕ್ಕೆ ಹೋಗುವ ಮುಂಚೆ ಹ್ಯುಯೆಟ್ ಎಂಬ ತರಬೇತಿ ಕೊಡುತ್ತಾರೆ. ಈಜುಕೊಳದಲ್ಲಿ ಹೆಲಿಕಾಪ್ಟರಿನ ಆಕಾರದ ಪೆಟ್ಟಿಗೆಯಲ್ಲಿ ಕೂರಿಸಿ, ಮುಳುಗಿಸಿ, ತಲೆಕೆಳಗು ಮಾಡುತ್ತಾರೆ. ಒಂದು ಕೈ ಕಿಟಕಿಯ ಚೌಕಟ್ಟಿನ ಮೇಲೆ, ಇನ್ನೊಂದು ಬೆಲ್ಟಿನ ಬಕಲ್ ಮೇಲೆ ಇಟ್ಟುಕೊಂಡು, ಪೆಟ್ಟಿಗೆ ಹೊರಳುವುದು ನಿಲ್ಲುವವರೆಗೆ ಕಾಯಬೇಕು. ಆಮೇಲೆ ಬೆಲ್ಟ್ ಬಿಚ್ಚಿ ಕಿಟಕಿಯಿಂದ ಹೊರಬರಬೇಕು. ಬೆಲ್ಟ್ ಮೊದಲೇ ಬಿಚ್ಚಿದರೆ ನೀರಿನಲ್ಲಿ ದಿಕ್ಕು ತಪ್ಪುತ್ತದೆ. ಲೈಫ್ ಜಾಕೆಟ್ ಒಳಗೇ ಉಬ್ಬಿಸಿದರೆ ಅದು ದೇಹವನ್ನು ಮೇಲೆ ಒತ್ತಿ ಹಿಡಿದು ಹೊರಬರಲು ಬಿಡುವುದಿಲ್ಲ. ಹೊರಬಂದ ಮೇಲಷ್ಟೇ ಉಬ್ಬಿಸಬೇಕು. ಇದಕ್ಕೆ ಈಜುಪಟು ಆಗಿರಬೇಕೆಂದಿಲ್ಲ, ನೀರಿನೊಳಗೆ ಗಾಬರಿಯಾಗದಿರುವುದು ಮುಖ್ಯ. ಬಾವಿ ಕೆರೆ ಬತ್ತಿದ ಊರುಗಳ ಹುಡುಗರು ತರಬೇತಿಗೆ ಮುಂಚೆ ಜಿಲ್ಲಾ ಕ್ರೀಡಾಂಗಣದ ಕಡೆಯೋ ಬೆಂಗಳೂರಿನಲ್ಲೋ ಒಂದು ಈಜುಕೊಳ ಹುಡುಕಿಕೊಂಡು ನೀರಿನ ರೂಢಿ ಮಾಡಿಕೊಂಡರೆ ಬಹಳ ಅನುಕೂಲ. ಸಮುದ್ರದಲ್ಲಿ ಬದುಕುಳಿಯುವ ತರಬೇತಿಗೆ ಗೋವಾದ ಬೇತುಲ್‌ನಲ್ಲಿ ಒಎನ್‌ಜಿಸಿಯದೇ ಸಂಸ್ಥೆಯಿದೆ.

ಅಲಾರಾಂ ಕೂಗಿದಾಗ

ಹೋದ ದಿನವೇ ನಿಮ್ಮ ಲೈಫ್‌ಬೋಟಿನ ನಂಬರು, ಸೇರಬೇಕಾದ ಜಾಗ ಹೇಳುತ್ತಾರೆ. ಆ ಜಾಗಕ್ಕೆ ಮಸ್ಟರ್ ಸ್ಟೇಷನ್ ಎನ್ನುತ್ತಾರೆ. ಅಲಾರಾಂ ಕೂಗಿದರೆ ಕೆಲಸವನ್ನು ಸುರಕ್ಷಿತ ಸ್ಥಿತಿಯಲ್ಲಿ ಬಿಟ್ಟು ನೇರ ಅಲ್ಲಿಗೆ ಹೋಗಿ ಹಾಜರಿ ಕೊಡಬೇಕು. ಒಬ್ಬನ ಲೆಕ್ಕ ತಪ್ಪಿದರೂ ಅವನನ್ನು ಹುಡುಕಲು ಬೇರೆಯವರು ಹೊಗೆಯೊಳಗೆ ಹೋಗಬೇಕಾಗುತ್ತದೆ. ಕೋಣೆಯಿಂದ ಅಲ್ಲಿಗೆ ಎರಡು ದಾರಿಯನ್ನಾದರೂ ನಡೆದು ನೋಡಿರಬೇಕು, ಒಂದು ಸಲ ಕೈಯಿಂದ ಗೋಡೆ ಸವರುತ್ತ, ಏಕೆಂದರೆ ಹೊಗೆಯಲ್ಲಿ ಕಣ್ಣು ಕೆಲಸಕ್ಕೆ ಬಾರದು.

ಪ್ರತಿ ಪಾಳಿಗೆ ಮುಂಚೆ ಸೂಪರ್‌ವೈಸರ್ ಆ ದಿನದ ಕೆಲಸದ ಅಪಾಯಗಳನ್ನು ಹೇಳುತ್ತಾರೆ. ನನಗೆ ಹೆಚ್ಚು ಕಳವಳ ಇರುವುದು ಇಲ್ಲಿಯೇ. ಕೋಲಾರದ ಹುಡುಗರಿಗೆ ಕನ್ನಡ, ತೆಲುಗು ಚೆನ್ನಾಗಿ ಬರುತ್ತದೆ, ಕೆಜಿಎಫ್‌ನವರಾದರೆ ತಮಿಳು ಕೂಡ. ಆದರೆ ಮುಂಬೈ ಕಡೆ ಮಾತು ನಡೆಯುವುದು ಹಿಂದಿ, ಇಂಗ್ಲಿಷಿನಲ್ಲಿ. ಅರ್ಥವಾಗದಿದ್ದರೂ ನಾಚಿಕೆಗೆ ತಲೆಯಾಡಿಸಿ ಸಹಿ ಹಾಕುವುದು ನಮ್ಮವರ ಅಭ್ಯಾಸ. ದಯವಿಟ್ಟು ಹಾಗೆ ಮಾಡಬೇಡಿ. "ಸರ್, ಸಮಝಾ ನಹೀ, ಫಿರ್ ಸೇ ಬತಾಯಿಯೇ" (ಸರ್, ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ) ಎಂಬಷ್ಟು ಹಿಂದಿ ಕಲಿತು ಹೋಗಿ. ಅಪಾಯ ಕಂಡರೆ ಯಾವ ಕೆಲಸಗಾರನೂ ಕೆಲಸ ನಿಲ್ಲಿಸಬಹುದು, ಅದಕ್ಕಾಗಿ ಶಿಕ್ಷಿಸುವಂತಿಲ್ಲ ಎಂಬ ನಿಯಮ ಒಳ್ಳೆಯ ಕಂಪನಿಗಳಲ್ಲಿದೆ. ಸೇರುವಾಗಲೇ ಅದು ಬರಹದಲ್ಲಿ ಇದೆಯೇ ಕೇಳಿ.

ಸಹಿ ಹಾಕುವ ಮುಂಚೆ

ಗಲ್ಫಿಗೆ ಕಳಿಸುವ ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿದವನೇ ಎಂಬುದನ್ನು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ನೋಂದಾಯಿತ ಏಜೆಂಟ್ ಪಡೆಯಬಹುದಾದ ಶುಲ್ಕಕ್ಕೆ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದರೆ, ಟೂರಿಸ್ಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸೋಣ ಎಂದರೆ, ಅಲ್ಲಿಗೇ ಮಾತು ನಿಲ್ಲಿಸಿ. ಇಲ್ಲೊಂದು ಸೂಕ್ಷ್ಮವಿದೆ. ಹತ್ತನೇ ತರಗತಿ ಪಾಸಾದವರ ಪಾಸ್‌ಪೋರ್ಟಿಗೆ ವಲಸೆ ಅನುಮತಿ ಬೇಕಾಗುವುದಿಲ್ಲ. ಐಟಿಐ ಹುಡುಗರು ಬಹುತೇಕ ಈ ಗುಂಪಿನವರು. ಅನುಮತಿ ಬೇಕಾದವರಿಗೆ ಕಡ್ಡಾಯವಾಗಿರುವ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಎಂಬ ವಿಮೆ ಇವರಿಗೆ ತಾನಾಗಿ ಸಿಗುವುದಿಲ್ಲ. ಹಾಗಾಗಿ ಕಂಪನಿಯ ವಿಮೆ ಎಷ್ಟಿದೆ, ಸಮುದ್ರದ ಕೆಲಸಕ್ಕೆ ಅದು ಅನ್ವಯಿಸುತ್ತದೆಯೇ ಎಂದು ಬರಹದಲ್ಲಿ ಕೇಳಬೇಕು.

ಮುಂಬೈ ಕೆಲಸವಾದರೆ ಪ್ರಶ್ನೆಗಳು ಬೇರೆ. ನೇಮಕಾತಿ ಪತ್ರ ಕೊಡುವುದು ಮೂಲ ಕಂಪನಿಯೋ, ಗುತ್ತಿಗೆದಾರನೋ, ಅವನ ಕೆಳಗಿನ ಗುತ್ತಿಗೆದಾರನೋ? ತರಬೇತಿ ಮತ್ತು ವೈದ್ಯಕೀಯ ಪರೀಕ್ಷೆಯ ಖರ್ಚು ಯಾರದು? ಒಂದೇ ಸಮನೆ ಎಷ್ಟು ದಿನ ಸಮುದ್ರದಲ್ಲಿ ಇರಿಸುತ್ತಾರೆ? ತರಬೇತಿಯೇ ಬೇಡ, ಸರ್ಟಿಫಿಕೇಟ್ ನಾವೇ ಮಾಡಿಸಿಕೊಡುತ್ತೇವೆ ಎನ್ನುವವರ ಹತ್ತಿರ ಸೇರಬೇಡಿ. ಆ ನಕಲಿ ಕಾಗದ ಮಗುಚಿದ ಹೆಲಿಕಾಪ್ಟರಿನೊಳಗೆ ಏನನ್ನೂ ಹೇಳಿಕೊಡುವುದಿಲ್ಲ. ವೈದ್ಯಕೀಯ ಪರೀಕ್ಷೆಯಲ್ಲಿ ಬಿಪಿ, ಶುಗರ್, ಮೂರ್ಛೆ, ಕಿವಿಯ ತೊಂದರೆಗಳನ್ನು ಮುಚ್ಚಿಡಬೇಡಿ, ಅಲ್ಲಿಂದ ಆಸ್ಪತ್ರೆಗೆ ಬರಲು ಗಂಟೆಗಳೇ ಹಿಡಿಯುತ್ತವೆ.

ಹೊರಡುವ ದಿನ ಮನೆಯಲ್ಲಿ ಬಿಟ್ಟು ಹೋಗಬೇಕಾದ ಕಾಗದಗಳಿವೆ: ಕೆಲಸದ ಒಪ್ಪಂದದ ಪ್ರತಿ, ವಿಮೆಯ ನಂಬರು ಮತ್ತು ನಾಮಿನಿಯ ಹೆಸರು, ರಿಗ್ ಅಥವಾ ಬಾರ್ಜ್‌ನ ಪೂರ್ತಿ ಹೆಸರು, ಗುತ್ತಿಗೆದಾರನ ಜೊತೆಗೆ ಮೂಲ ಕಂಪನಿಯ ಕಚೇರಿಯದೂ ಫೋನ್ ನಂಬರು, ಜೊತೆಗೆ ಹೋಗುತ್ತಿರುವ ಒಬ್ಬ ಗೆಳೆಯನ ಮನೆಯ ನಂಬರು. ಬಾರ್ಜ್ ಬದಲಾದಾಗಲೆಲ್ಲ ಹೊಸ ಹೆಸರನ್ನು ಮನೆಗೆ ತಿಳಿಸಬೇಕು.